ಅಜ್ಜಿಯೂ ಕುಡಿದ ವಿಟಮಿನ್ನು

ವಿಟಮಿನ್ ಎಂಬ ಹೆಸರನ್ನು ಗುರುಸಿದ್ದವ್ವ ಮೊದಲ ಸಲ ಕೇಳಿದ್ದು ಬಾಗಲಕೋಟೆಯ ದವಾಖಾನೆಯಲ್ಲಿ. ಏಳು ವರ್ಷದ ಮೊಮ್ಮಗಳು ಸುಶ್ಮಿತಾಳ ಎಲುಬು ಫಿಟ್ಸ್ ಗುಳಿಗೆಯಿಂದ ಸೊರಗಬಾರದೆಂದು ಡಾಕ್ಟರು ಅದನ್ನು ಗುಳಿಗೆಯ ಜೊತೆಗೆ ಬರೆದಿದ್ದರು. ತಿಂಗಳಿಗೆಂದು ತಂದ ಆ ಬಾಟಲಿ ಹದಿನೈದನೇ ದಿನಕ್ಕೇ ಬರಿದಾಗಿ, ಇಳಕಲ್ಲಿನ ಮನೆಯಲ್ಲಿ ಸೊಸೆ ನಾಗರತ್ನಾಳ ಕೈಯಲ್ಲಿ ತಲೆಕೆಳಗಾಗಿ ನಿಂತಿತ್ತು.

— ಒಂದ ಹನಿನೂ ಇಲ್ಲಲ್ರಿ ಅತ್ತಿ! ಕೂಸಿಗೆ ಎರಡೆರಡ ಚಮಚ ಹಾಕೀರೇನು?

— ದೇವರಾಣಿ ಇಲ್ಲ. ಒಂದ ಚಮಚ.

— ಉಳಿದದ್ದು ಆವಿ ಆತೇನು?

— ಬ್ಯಾಸಗಿ ಐತಲ್ಲವಾ.

— ಮುಚ್ಚಳ ಹಾಕಿದ ಬಾಟ್ಲ್ಯಾಗ? ಹೆಚ್ಚಾದ್ರ ಇದೂ ಕೆಟ್ಟ ಅಂದಾರ ಡಾಕ್ಟರು. ಖರೆ ಹೇಳ್ರಿ.

ಗುರುಸಿದ್ದವ್ವ ಮಗ್ಗದ ಲಾಳಿಗೆಂದು ಸುತ್ತುತ್ತಿದ್ದ ಕಂಡಿಕೆಯ ನೂಲು ಪಟ್ಟನೆ ಹರಿಯಿತು.

— ನಾನ ಕುಡದೆ.

— ನೀವಾ?

— 'ಆಯಿ, ನೀ ಕುಡದ್ರ ನಾ ಕುಡೀತೇನಿ' ಅಂದ್ಲವಾ ಆಕಿ. ರುಚಿನೂ ಭಾಳ ಚಲೋ ಐತಿ.

— ಮತ್ತ ಫಿಟ್ಸ್ ಗುಳಗಿ? ಇದು ಬಂತಂತ ಅದನ್ನ ಬಿಡಿಸಿಲ್ಲ, ಹೌದಿಲ್ಲೊ?

ಈಗ ಮುದುಕಿಗೆ ಜೀವ ಬಂತು. ಬೆನ್ನು ನೆಟ್ಟಗಾಯಿತು.

— ಏ ಹುಚ್ಚಿ, ನಿಮ್ಮ ಮಾವನ ಮಗ್ಗಕ್ಕ ಐವತ್ತ ವರ್ಷ ಕಂಡಿಕಿ ಸುತ್ತಿಕೊಟ್ಟಾಕಿ ನಾ. ಸೀರಿ ಒಡಲಿಗೆ ಕೊಂಡಿ ಹಾಕಿ ಸೆರಗ ಜೋಡಸ್ತೇವಿ. ಸೆರಗ ಚಂದ ಐತಂತ ಒಡಲ ಕತ್ತರಸ್ತಾರೇನು? ಗುಳಗಿ ಒಡಲು, ವಿಟಮಿನ್ ಸೆರಗು. ಒಂದ ಹೊತ್ತೂ ತಪ್ಪಿಸಿಲ್ಲ. ದಿನಾ ನಾಲಿಗಿ ಎತ್ತಿಸಿ ನೋಡತೇನಿ!

ನಾಗರತ್ನಾ ಗುಳಿಗೆ ಎಣಿಸಿದಳು. ಲೆಕ್ಕ ಸರಿಯಿತ್ತು. ಕಣ್ಣೊರೆಸಿಕೊಂಡು ನಕ್ಕಳು.

— ನೀವು ಡಾಕ್ಟರ ಆಗಬೇಕಿತ್ರಿ.

— ಎರಡನೇತ್ತಾಕ್ಕ ಸಾಲಿ ಬಿಡಿಸಿದ್ರವಾ, ಇಲ್ಲಂದ್ರ...

ಅಷ್ಟರಲ್ಲಿ ಸುಶ್ಮಿತಾ ಕಂಡಿಕೆಯ ಬುಟ್ಟಿಯ ತಳದಿಂದ ಒಂದು ಪಟ್ಟಿ ಎಳೆದಳು. ಹದಿನೈದು ಗುಳಿಗೆ, ಒಂದೂ ಕದಲಿರಲಿಲ್ಲ.

— ಅವ್ವಾ, ಇದು ಆಯೀದು. ಬಿ.ಪಿ. ಗುಳಗಿ.

— ಅತ್ತೀ!

— ಅಲ್ಲವಾ... ಹೆಂಗೂ ವಿಟಮಿನ್ ಕುಡಿಯಾಕತ್ತೇನಿ, ಇನ್ನ ಅದ್ಯಾಕಂತ...

— ಒಡಲ ಎಲ್ಲಿ ಹೋತ್ರಿ? ಬರೇ ಸೆರಗ ಉಟಗೊಂಡ ಕುಂತೀರೇನು?

ಗುರುಸಿದ್ದವ್ವ ಹರಿದ ನೂಲಿನ ತುದಿ ಹುಡುಕತೊಡಗಿದಳು. ಸುಶ್ಮಿತಾ ನೀರಿನ ತಂಬಿಗೆ ತಂದಳು.

— ಹದಿನೈದೂ ಕೂಡೇ ನುಂಗಲೇನು?

— ಒಂದ! ನಾಳೆ ದವಾಖಾನಿಗೆ ನೀವೂ ಬರ್ರಿ.

ಗುರುಸಿದ್ದವ್ವ ಮುಖ ಕಿವುಚಿ ನುಂಗಿ, ತಂಬಿಗೆ ಕೆಳಗಿಟ್ಟಳು. ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು, ಮುಖದ ಹತ್ತಿರ ಬಗ್ಗಿದಳು.

— ಆಯಿ, ನಾಲಿಗಿ ಎತ್ತಿ ತೋರ್ಸು.