ಜೀಪಿಗೆ ಮೆತ್ತಿದ ಕೆಸರು

ಆಯುಧಪೂಜೆಯ ದಿನ ಬೆಳಿಗ್ಗೆ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ನನ್ನ ಮೇಜಿನ ಮೇಲಿದ್ದ ಪುಟ್ಟ ಜೀಪನ್ನು ತೋರಿಸಿ "ಅಳಿಯಂದ್ರೆ, ಇದ್ನೂ ತೊಳ್ದುಬುಡ್ಲಾ?" ಎಂದು ಕೇಳಿದರಂತೆ. ನಾನು "ಹೂಂ" ಅಂದೆನಂತೆ. ಎರಡೂ ನನಗೆ ನೆನಪಿಲ್ಲ. ನೆನಪಿಲ್ಲವೆಂದ ಮಾತ್ರಕ್ಕೆ ನಡೆದೇ ಇಲ್ಲ ಎನ್ನುವ ಧೈರ್ಯವೂ ಇಲ್ಲ. ಪೇಪರು ಓದುವಾಗ ನಾನು ಯಾವುದಕ್ಕೆಲ್ಲ ಹೂಂ ಅಂದಿದ್ದೇನೆ ಎಂಬುದು ನನಗೆ ಗೊತ್ತಾಗುವುದು ಆಮೇಲೆ, ಗೋಡೆಗೆ ಹೊಸ ಬಣ್ಣ ಬಂದಾಗ ಅಥವಾ ನೆಂಟರು ಪೆಟ್ಟಿಗೆ ಸಮೇತ ಬಂದಿಳಿದಾಗ. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಇತಿಹಾಸ. ಸಾಕ್ಷಿಯಿಲ್ಲದೆ ಯಾರ ಮಾತನ್ನೂ ನಂಬಬೇಡಿ ಎಂದು ಅಲ್ಲಿ ಕಲಿಸಿದರು. ಯಾರನ್ನೂ ನಂಬದೆ ಇಷ್ಟು ವರ್ಷ ಹೇಗೋ ಸಾಗಿಬಂತು. ಈಗ ನನ್ನನ್ನೇ ನಂಬಲಾಗದ ಕಾಲ ಬಂದಿದೆ. ಇದು ತುಂಬಾ ಸುಸ್ತಿನ ಕೆಲಸ.

ಸಣ್ಣ ಗಾಡಿಗಳನ್ನು ಕಟ್ಟುವುದು ನನ್ನ ಹವ್ಯಾಸ. ಅಸಲಿ ಗಾಡಿಯ ಇಪ್ಪತ್ತನಾಲ್ಕನೇ ಒಂದು ಅಳತೆಯಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳು ಡಬ್ಬದಲ್ಲಿ ಬರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆಯಬೇಕು. ಡಬ್ಬದಲ್ಲಿ ಬಂದ ಹಾಗೇ ಕಟ್ಟಿದರೆ ಅದು ಬರೀ ಕೂಲಿ; ನಮಗೆ ಬೇಕಾದಂತೆ ಮಾರ್ಪಡಿಸುವುದರಲ್ಲಿ ಸುಖವಿದೆ ಎನ್ನುತ್ತಾರೆ. ನನಗೆ ಈವರೆಗೆ ಸಿಕ್ಕಿರುವುದು ಕತ್ತುನೋವು. ಈ ಸಲ ಕಟ್ಟಿದ್ದು ತೀರಿಕೊಂಡ ನಮ್ಮ ಮಾವನವರ ಜೀಪನ್ನು, ಹಬ್ಬದ ದಿನ ಅತ್ತೆಗೇ ಕೊಡಬೇಕೆಂದು. ಡಬ್ಬದ ಜೀಪಿಗೆ ಸ್ಟೀರಿಂಗ್ ಎಡಗಡೆ ಇತ್ತು; ಕೊಯ್ದು ಬಲಕ್ಕೆ ತಂದೆ. ಟಾಪಿಗೆ ಹಳೇ ಛತ್ರಿಯ ಬಟ್ಟೆ ಹೊದಿಸಿದೆ. ಚಿಮಟದ ತುದಿಯಲ್ಲಿದ್ದ ವೈಪರ್ ಒಮ್ಮೆ ಚಿಮ್ಮಿ ಎಲ್ಲೋ ಹೋಯಿತು. ಹುಡುಕುತ್ತಾ ನೆಲದ ಮೇಲೆ ತೆವಳುತ್ತಿದ್ದಾಗ ಹೆಂಡತಿ ಪ್ರೇಮಾ ಪೊರಕೆ ತಂದುಕೊಟ್ಟು, "ಹೇಗೂ ಕೆಳಗೇ ಇದೀರಲ್ಲ, ಮಂಚದಡೀನೂ ಗುಡಿಸಿಬಿಡಿ" ಎಂದಳು.

ನನ್ನ ಪ್ರತಾಪವೆಲ್ಲ ಇದ್ದದ್ದು ಕೆಸರಿನಲ್ಲಿ. ಹೊಸದಾಗಿ ಕಾಣುವ ಗಾಡಿ ಯಾರು ಬೇಕಾದರೂ ಕಟ್ಟುತ್ತಾರೆ. ಓಡಿ ದಣಿದ ಹಾಗೆ ಕಾಣಿಸುವುದೇ ಕಷ್ಟ. ನಮ್ಮೂರಿನ ಮಗ್ಗೆ ರಸ್ತೆಯ ಬದಿಯಿಂದ ಕೆಮ್ಮಣ್ಣು ತಂದು, ಪ್ರೇಮಾಳ ಹಳೇ ವಾಯಿಲ್ ಸೀರೆಯಲ್ಲಿ ಸೋಸಿ, ಬಿಳಿ ಅಂಟಿಗೆ ಕಲಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಚಿಮುಕಿಸಿದೆ. ಚಕ್ರದ ಬಳಿ ಹಸಿ ಕೆಸರು, ಬಾಗಿಲ ಮೇಲೆ ಒಣಗಿ ಬಿರಿದ ಕೆಸರು. ಮುಂದಿನ ಸೀಟಿನ ಮೇಲೊಂದು ಗೋಣಿಚೀಲ, ಗಾಯಕ್ಕೆ ಕಟ್ಟುವ ಬಟ್ಟೆಯನ್ನು ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಮಾಡಿದ್ದು. ಇದಾವುದೂ ನನ್ನ ಕಲ್ಪನೆಯಲ್ಲ. ಹೆಣ್ಣು ನೋಡಲು ಯಸಳೂರಿಗೆ ಹೋದ ದಿನ, ಬಸ್ಸಿಳಿದ ನನ್ನನ್ನು ಕರೆದೊಯ್ಯಲು ಮಾವನವರೇ ಜೀಪು ತಂದಿದ್ದರು. ಬಾನೆಟ್ಟಿನವರೆಗೂ ಕೆಸರು, ಸೀಟಿನ ಮೇಲೆ ಗೋಣಿಚೀಲ. ನನ್ನ ಬದುಕಿನಲ್ಲಿ ಖಚಿತವಾಗಿ ನೆನಪಿರುವ ಚಿತ್ರ ಅದೊಂದೇ ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ.

ಹಬ್ಬದ ದಿನ ಸ್ನಾನ ಮುಗಿಸಿ ಬಂದು ನೋಡಿದರೆ, ಅಂಗಳದಲ್ಲಿ ಸ್ಕೂಟರು, ಕುಡುಗೋಲು, ಮಿಕ್ಸಿ ಸಾಲಾಗಿ ನಿಂತಿವೆ. ಸಾಲಿನ ತುದಿಯಲ್ಲಿ ನನ್ನ ಜೀಪು ಫಳಫಳ ಹೊಳೆಯುತ್ತಿದೆ. ತೆಂಗಿನ ನಾರು, ಪಾತ್ರೆ ಸೋಪು, ಎರಡರ ಸೇವೆಯೂ ಆಗಿತ್ತು. ಬಾನೆಟ್ಟಿನ ಮೇಲೆ ಕಡ್ಡಿಯಿಂದ ಎಳೆದ ಮೂರೆಳೆ ವಿಭೂತಿ. ಒಂದೇ ಚೆಂಡುಹೂವು ಟಾಪನ್ನೆಲ್ಲ ಮುಚ್ಚಿತ್ತು. ಗೋಣಿಚೀಲವನ್ನು ಬೇರೆಯಾಗಿ ಒಗೆದು ತಂತಿಯ ಮೇಲೆ ಹರವಿ, ಹಾರಿಹೋಗದಂತೆ ಕ್ಲಿಪ್ಪು ಹಾಕಿದ್ದರು. ಮುಂದಿನ ಚಕ್ರದ ಬುಡದಲ್ಲಿ ಚಕ್ರದಷ್ಟೇ ದೊಡ್ಡ ನಿಂಬೆಹಣ್ಣು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎರಡು ಬೆರಳಿನಿಂದ ಜೀಪನ್ನು ಭಕ್ತಿಯಿಂದ ಮುಂದಕ್ಕೆ ತಳ್ಳಿದರು. ನಿಂಬೆಹಣ್ಣಿಗೆ ಏನೂ ಆಗಲಿಲ್ಲ. ಜೀಪಿನ ಅಚ್ಚು ಮುರಿಯಿತು.

"ಏನತ್ತೆ ಇದು! ತಿಂಗಳುಗಟ್ಟಲೆ ಕೂತು ಮೆತ್ತಿದ ಕೆಸರು!"

"ನಿಮ್ಮುನ್ ಕೇಳೇ ತೊಳ್ದಿದ್ದು. ಕೆಸ್ರು ಮೆತ್ತಕ್ಕೆ ತಿಂಗ್ಳು ಯಾಕ್ರೀ ಬೇಕು? ಗದ್ದೆಗೆ ಒಂದ್ಸಲ ಇಳಿಸಿದ್ರೆ ಆಗೋಗ್ತಿತ್ತು."

ಪ್ರೇಮಾ ನಕ್ಕಳು. ಆ ನಗು ನನ್ನನ್ನು ಕೆಣಕಿತು. "ನಿಮ್ಮ ಜೀಪು ಇದ್ದದ್ದೇ ಹಾಗೆ. ಹೊಂಡದಿಂದ ಎದ್ದುಬಂದ ಎಮ್ಮೆ ಥರ ಇತ್ತು. ನಾನೇ ಕಣ್ಣಾರೆ ನೋಡಿದೀನಿ" ಅಂದುಬಿಟ್ಟೆ.

ಅತ್ತೆಯ ಮುಖ ಸಣ್ಣದಾಯಿತು. "ನಮ್ಮೋರು ಜೀಪ್ ತೊಳೀದೆ ಒಂದಿನಾನೂ ಉಂಡೋರಲ್ಲ ಕಣ್ರೀ" ಎಂದವರೇ ಒಳಗೆ ಹೋಗಿ ಚೀಲ ತುಂಬಿಕೊಂಡು, ಆಲೂರಿನ ನಮ್ಮ ಮನೆಯಿಂದ ಯಸಳೂರಿನ ಮಗನ ಮನೆಗೆ ಹೊರಟೇಹೋದರು. ಹೋಳಿಗೆಗೆ ಬೇಯಿಸಿದ ಬೇಳೆ ಒಲೆಯ ಮೇಲೇ ಉಳಿಯಿತು.

ಆಮೇಲೆ ಪ್ರೇಮಾ ನನ್ನೊಂದಿಗೆ ಆಡಿದ್ದು ಒಂದೇ ಮಾತು: "ಅಮ್ಮ ವಾಪಸ್ ಬರೋವರೆಗೆ ಈ ಮನೇಲಿ ಅಂಟಿನ ವಾಸನೆ ಬರಕೂಡದು." ಅತ್ತೆಯಿಲ್ಲದ ಮನೆಯಲ್ಲಿ ನನ್ನ ಕಾಫಿಗೆ ಸಕ್ಕರೆ ಹೆಚ್ಚಾಯಿತೋ ಕಡಿಮೆಯಾಯಿತೋ ಕೇಳುವವರಿರಲಿಲ್ಲ. ಕೊನೆಗೆ ನಾನೇ ಬಸ್ಸು ಹತ್ತಿದೆ. ಯಸಳೂರಿನಲ್ಲಿ ಪ್ರೇಮಾಳ ತಮ್ಮ ರುದ್ರೇಶ ಬಾಗಿಲಲ್ಲೇ ಸಿಕ್ಕ. "ಬನ್ನಿ ಭಾವ. ಅವ್ವ ಒಳಗೈತೆ. ಅಪ್ಪನ್ನ ಬೈದಿದ್ರೂ ತಡ್ಕತಿತ್ತು ಮಾರಾಯ್ರೆ, ಜೀಪ್ ಬೈಬಾರ್ದಿತ್ತು ನೀವು" ಎಂದ.

ನಾನು ಅತ್ತೆಯ ಮುಂದೆ ಕೂತು, ನಾನು ಕಂಡದ್ದೂ ನಿಜವಿರಬಹುದು, ನೀವು ಹೇಳಿದ್ದೂ ನಿಜವಿರಬಹುದು ಎಂದು ಶುರುಮಾಡಿದೆ. ಕ್ಷಮೆ ಕೇಳಲು ಬಂದವನು ಪಾಠ ಮಾಡತೊಡಗಿದ್ದೇನೆ ಎಂದು ಅರಿವಾಗುವಷ್ಟರಲ್ಲಿ ಅವರೇ ತಡೆದರು.

"ಅವತ್ತು ಕೆಸ್ರಾಗಿದ್ದು ಯಾರು ಅಂತ ಮದ್ಲು ತಿಳ್ಕಳಿ. ಬಸ್ಸಿಳ್ದೋರೇ ಚರಂಡಿಗೆ ಕಾಲಿಟ್ಟು ಬಿದ್ರಿ. ಸೀಟ್ ಕೆಟ್ಟೋಯ್ತದೆ ಅಂತ ನಮ್ಮೋರು ಗೋಣಿಚೀಲ ಹಾಸಿ ಕೂರ್ಸ್ಕಬಂದ್ರು."

ಚರಂಡಿ ನನಗೆ ನೆನಪಿಲ್ಲ. ಬಿದ್ದದ್ದೂ ನೆನಪಿಲ್ಲ. ಗೋಣಿಚೀಲ ಮಾತ್ರ ಎಳೆ ಎಳೆಯಾಗಿ ನೆನಪಿದೆ. ಜೀಪಿನ ಅಚ್ಚು ಸರಿಮಾಡಬೇಕು, ಇನ್ನು ಮುಂದೆ ಅದಕ್ಕೊಂದು ಹನಿ ಕೆಸರೂ ತಾಗಬಾರದು, ಅಂಥ ಜೀಪನ್ನು ಟಿ.ವಿ. ಪಕ್ಕದಲ್ಲಿ ಇಡುವುದಾದರೆ ಬರುತ್ತೇನೆ ಎಂದರು ಅತ್ತೆ. ನಾನು ಹೂಂ ಅಂದೆ. ಈ ಸಲ ರುದ್ರೇಶ ಪಕ್ಕದಲ್ಲೇ ಇದ್ದು ಕೇಳಿಸಿಕೊಂಡ. ಮರುದಿನವೇ ಅತ್ತೆ ನನ್ನ ಜೊತೆ ಬಂದರು. ಬಸ್ಸಿಳಿಯುವಾಗ "ನೋಡ್ಕಂಡು ಇಳೀರಿ, ಅಳಿಯಂದ್ರೆ" ಎಂದರು. ಮನೆಗೆ ಬಂದವರೇ ಒಗೆದು ಮಡಿಸಿಟ್ಟಿದ್ದ ಆ ಬೆರಳಗಲದ ಗೋಣಿಚೀಲವನ್ನು ತಾವೇ ಸೀಟಿನ ಮೇಲೆ ಹಾಸಿ, "ಇದೊಂದ್ ಇರ್ಲಿ" ಎಂದರು.

ಆದರೂ ನಾನು ಓದಿದ್ದು ಇತಿಹಾಸ, ಸುಮ್ಮನಿರಲಾಗಲಿಲ್ಲ. ರುದ್ರೇಶನಿಗೆ ಹೇಳಿ ಹಳೇ ಆಲ್ಬಮ್ಮಿನಿಂದ ಹೆಣ್ಣು ನೋಡಿದ ದಿನದ ಫೋಟೊ ತರಿಸಿಕೊಂಡು, ಸಣ್ಣ ಭಾಗಗಳನ್ನು ನೋಡುವ ನನ್ನ ಭೂತಗನ್ನಡಿಯನ್ನೇ ಹಿಡಿದು ನೋಡಿದೆ. ಹಿಂದೆ ನಿಂತ ಜೀಪಿನ ಬಾಗಿಲಿನಲ್ಲಿ ಮನೆ ಮುಂದಿನ ಕಣದ ಬಿಸಿಲು ಕನ್ನಡಿಯಲ್ಲಿ ಕಂಡಂತೆ ಹೊಳೆಯುತ್ತಿದೆ. ಅದರ ಮುಂದೆ ಮಾವನವರ ಗಿಡ್ಡ ಪಂಚೆ ಉಟ್ಟು ಗಂಭೀರವಾಗಿ ನಿಂತಿರುವ ವರನ ಎಡಗಿವಿಯ ಮೇಲೆ ಇನ್ನೂ ಕೆಸರಿದೆ.