ಮಾವನವರ ಮೋಟಾರು ದೋಣಿ

ನೀರಿಗೆ ಹೆದರುವ ಮನುಷ್ಯ ದೋಣಿ ಕೊಂಡದ್ದನ್ನು ನೀವೆಲ್ಲಾದರೂ ಕೇಳಿದ್ದೀರಾ? ನಾನು ಕೇಳಿದ್ದಲ್ಲ, ಕಣ್ಣಾರೆ ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಆ ದೋಣಿಯಲ್ಲಿ ಕೂತು ಹೊಳೆ ದಾಟಿದ್ದೇನೆ. ಇದನ್ನು ಬರೆಯಲು ಇವತ್ತು ಉಳಿದಿದ್ದೇನಲ್ಲ, ಅದೇ ದೊಡ್ಡದು!

ಆ ಮಹಾನುಭಾವರು ನನ್ನ ಮಾವನವರು, ಅಂದರೆ ಗಂಡನ ತಂದೆ. ಅವರು ಸ್ನಾನ ಮಾಡುವುದನ್ನು ಅತ್ತೆ ವರ್ಣಿಸುತ್ತಿದ್ದರು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಬಚ್ಚಲ ಗೋಡೆ! ತಲೆಯ ಮೇಲೆ ಬಿದ್ದ ತಂಬಿಗೆ ನೀರು ಎಲ್ಲಿ ತಮ್ಮನ್ನು ಎಳೆದುಕೊಂಡು ಹೋಗುತ್ತದೋ ಎಂಬ ಅಂಜಿಕೆ. ಹೊಲದಲ್ಲಿ ಸ್ವಂತ ಬಾವಿ ಇತ್ತು. ಅದರಲ್ಲಿ ನೀರು ಎಷ್ಟಿದೆ ಎಂದು ಯಾರಾದರೂ ಕೇಳಿದರೆ "ಐತಂತ" ಎನ್ನುತ್ತಿದ್ದರು. ಒಂದು ದಿನವೂ ತಾವಾಗಿ ಬಗ್ಗಿ ನೋಡಿದವರಲ್ಲ. ನಮ್ಮೂರು ಬಸವನ ಬಾಗೇವಾಡಿ ತಾಲ್ಲೂಕಿನದು, ನಿಡಗುಂದಿಯ ಹತ್ತಿರ. ಕೃಷ್ಣಾ ಹೊಳೆ ಅಲ್ಲಿಂದ ಒಂದು ಹರದಾರಿ ದೂರ. ಆ ದೂರವನ್ನು ದೇವರು ತಮಗಾಗಿಯೇ ಅಳೆದು ಇಟ್ಟಿದ್ದಾನೆಂದು ಮಾವನವರು ನಂಬಿದ್ದರು.

ಆದರೆ ಹೊಳೆಯಾಚೆ ಅವರ ಅಕ್ಕ ಇದ್ದಳು.

ಮಾವನವರಿಗೆ ಎರಡು ವರ್ಷವಾದಾಗ ತಾಯಿ ತೀರಿಕೊಂಡರಂತೆ. ಆಮೇಲೆ ಕಂಕುಳಲ್ಲಿ ಎತ್ತಿ ಸಾಕಿದವಳು ಈ ಅಕ್ಕನೇ. ಅವಳನ್ನು ಆಚೆ ದಂಡೆಯ ಊರಿಗೆ ಕೊಟ್ಟಿದ್ದರು. ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಕ್ಕಳನ್ನು ಜೋಕಾಲಿ ಆಡಲು ತವರಿಗೆ ಕರೆತರಬೇಕು. ಕರೆಯಲು ಬಾರದೆ ತಾವಾಗಿ ಹೊರಡುವಂತಿಲ್ಲ. (ನನ್ನ ತವರು ಎರಡು ಓಣಿ ಆಚೆ. ನನ್ನನ್ನು ಕರೆಯಲು ನಮ್ಮಣ್ಣ ಕಾಲಿಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬರುತ್ತಿದ್ದ!) ಪಂಚಮಿ ಬರುವುದು ಶ್ರಾವಣದಲ್ಲಿ, ಹೊಳೆ ತುಂಬಿ ಹರಿಯುವಾಗ. ಜನ ಬುಟ್ಟಿಯಂಥ ದುಂಡು ಹರಗೋಲಿನಲ್ಲಿ ದಾಟುತ್ತಿದ್ದರು. ಮಾವನವರು ಜನ್ಮದಲ್ಲಿ ಒಮ್ಮೆ ಹರಗೋಲಿನಲ್ಲಿ ಕೂತು, ಅದು ಬುಗುರಿಯಂತೆ ತಿರುಗಿದ್ದನ್ನು ಕಂಡು, ಇಳಿದ ಮೇಲೂ ಒಂದು ದಿನ ತಿರುಗುತ್ತಲೇ ಇದ್ದರಂತೆ. ಆದ್ದರಿಂದ ಸೇತುವೆ ಇರುವ ಕಡೆ ಸುತ್ತು ಹಾಕಿ, ಮೂರು ಬಸ್ಸು ಬದಲಿಸಿ ಹೋಗುವುದು ಅವರ ಪದ್ಧತಿ. ಮೂರು ವರ್ಷಗಳಿಂದ ಆ ಪದ್ಧತಿಯೂ ಕೈಕೊಟ್ಟಿತ್ತು. ಒಂದು ವರ್ಷ ಬಸ್ಸು ಕೆಟ್ಟಿತು, ಎರಡು ವರ್ಷ ದಾರಿಯಲ್ಲಿ ಹಳ್ಳ ಬಂತು. ಮೂರು ಸಲವೂ ಇವರು ಮುಟ್ಟುವಷ್ಟರಲ್ಲಿ ಪಂಚಮಿ ಮುಗಿದಿತ್ತು.

ಮೂರನೆಯ ಸಲ ಅಕ್ಕ ಸಿಟ್ಟು ಮಾಡಲಿಲ್ಲ. "ನಮ್ಮನಿ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ರೇನೋ ತಮ್ಮಾ?" ಎಂದಷ್ಟೇ ಕೇಳಿ, ಶೇಂಗಾ ಉಂಡಿ ಕಟ್ಟಿಕೊಟ್ಟು ಕಳಿಸಿದ್ದಳು. ಮನೆಗೆ ಬಂದ ಮಾವನವರು ಉಂಡಿಯ ಗಂಟನ್ನು ಬಿಚ್ಚಲೇ ಇಲ್ಲ.

"ಅಕ್ಕಗ ಎಪ್ಪತ್ತು ದಾಟ್ಯಾವು," ಎಂದರು. "ಇನ್ನ ಎಷ್ಟು ಪಂಚಮಿ ಉಳದಾವು ಅಕಿಗೆ? ಬರೂ ವರ್ಷ ಪಂಚಮಿ ಶುರುವಾಗೂ ರೊಟ್ಟಿ ಹಬ್ಬದ ದಿನ ಅಕಿ ನಮ್ಮ ಮನ್ಯಾಗ ಇರಬೇಕು. ಇರಲಿಲ್ಲಂದ್ರ ನಾ ತಮ್ಮ ಅನ್ನಿಸಿಕೊಳ್ಳಂಗಿಲ್ಲ!"

ಅದು ಸಾವಿರದ ಒಂಬೈನೂರ ಎಪ್ಪತ್ತರ ದಶಕ. ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ನಡೆದಿತ್ತು. ಯಾರೋ ಗುತ್ತಿಗೆದಾರನ ಹಳೆಯ ಮೋಟಾರು ದೋಣಿಯೊಂದು ಎರಡು ವರ್ಷದಿಂದ ಬಿಸಿಲಿನಲ್ಲಿ ಬೋರಲಾಗಿ ಬಿದ್ದಿತ್ತಂತೆ. ಬೇಸಿಗೆಯ ಒಂದು ಮಧ್ಯಾಹ್ನ ಅದು ಎರಡು ಚಕ್ಕಡಿಗಳ ಮೇಲೆ ಅಡ್ಡಡ್ಡ ಮಲಗಿ ನಮ್ಮ ಓಣಿಗೆ ಬಂತು. ಮುಂದೆ ಮಾವನವರು, ಹಿಂದೆ ಇಡೀ ಊರು! ಇಬ್ಬರು ಮುದುಕಿಯರು ಅದು ಯಾವುದೋ ದೇವರ ಪಲ್ಲಕ್ಕಿ ಎಂದುಕೊಂಡು ಎಳೆದು ತಂದ ಎತ್ತುಗಳ ಕಾಲಿಗೆ ನೀರು ಹಾಕಿ ಕೈಮುಗಿದರು. ಬಾಗಿಲಿನಲ್ಲಿ ಹಿಡಿಸಲಿಲ್ಲವೆಂದು ಅಂಗಳದ ಗೋಡೆ ಒಡೆದರು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. "ಏನ್ರಿ ಇದು?"

"ದೋಣಿ."

"ಹೊಳಿ ಎಲ್ಲೈತಿ?"

"ಹೊಳಿ ಇದ್ದಲ್ಲೇ ಐತಿ. ದೋಣಿ ಮನಿಗೆ ಬಂದೈತಿ. ಒಳಗ ಹೋಗಿ ಆರತಿ ತಾ."

ಅಂದಿನಿಂದ ಶುರುವಾಯಿತು ನೋಡಿ ಸಂಭ್ರಮ! ದೋಣಿಗೆ ಮೊದಲು ಏನು ಬೇಕು? ಎಂಜಿನ್ ಎನ್ನುತ್ತೀರಿ ನೀವು. ಮಾವನವರ ಪ್ರಕಾರ ಬಣ್ಣ. ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಳಿದು ಉಳಿದದ್ದನ್ನೆಲ್ಲ ದೋಣಿಗೆ ಬಳಿದರು. ಮೂತಿಗೆ ಕೆಂಪು, ಪಕ್ಕಕ್ಕೆ ಹಸಿರು, ಹಿಂದೆ ಕೈಗೆ ಸಿಕ್ಕ ಬಣ್ಣ. ಕೊರಳಿಗೆ ಗೆಜ್ಜೆಸರ ಕಟ್ಟಿದರು. ದೋಣಿಗೆ ಕೊರಳು ಎಲ್ಲಿರುತ್ತದೆ ಎಂದು ಕೇಳಬೇಡಿ, ನಮ್ಮ ಮಾವನವರು ಹುಡುಕಿದ್ದರು. ಹಬ್ಬದ ಸಂಜೆ ಊರವರು ಎತ್ತು ಓಡಿಸುವಾಗ ಇದನ್ನೂ ಎರಡು ಗಾಲಿಯ ಮೇಲಿಟ್ಟು ಬಿಡೋಣವೆಂದು ಅವರು ಹೊರಟದ್ದನ್ನು ಊರ ಹಿರಿಯರು ಕೈಕಾಲು ಹಿಡಿದು ನಿಲ್ಲಿಸಬೇಕಾಯಿತು!

ನಾಲ್ಕು ದಿನಕ್ಕೆ ಒಂದು ದೊಡ್ಡ ಮಳೆ ಬಂತು. ಮಳೆ ನಿಂತ ಕೂಡಲೇ ಮಾವನವರು ಓಡಿಹೋಗಿ ದೋಣಿಯೊಳಗೆ ಇಣುಕಿ, ಕುಣಿಯುತ್ತ ಬಂದರು.

"ನೋಡ್ರಿ, ಎಂಥಾ ದೋಣಿ ತಂದೇನಿ! ಅಷ್ಟು ಮಳಿ ಬಂತು, ಒಳಗ ಒಂದು ಹನಿ ನೀರು ನಿಂತಿಲ್ಲ!"

ಅತ್ತೆ ಜೋಳ ಹಸನು ಮಾಡುತ್ತಿದ್ದವರು ತಲೆ ಎತ್ತಲಿಲ್ಲ. "ನೀರು ಹೋಗೂ ದಾರಿ ಐತಿ ಅಂದ್ರ, ಬರೂ ದಾರಿನೂ ಐತಲ್ರಿ?"

ಮಾವನವರ ಮುಖದ ಬಣ್ಣ ದೋಣಿಯ ಬಣ್ಣಕ್ಕಿಂತ ಬೇಗ ಇಳಿಯಿತು. ಹೋಗಿ ನೋಡಿದರೆ ಬಿಸಿಲಿಗೆ ಹಲಗೆಗಳು ಒಣಗಿ ಸಂದು ಬಿಟ್ಟಿದ್ದವು. ಒಳಗೆ ಕೂತು ಹೊರಗಿನ ಎಮ್ಮೆಗಳನ್ನು ಎಣಿಸಬಹುದಿತ್ತು! ಡಾಂಬರು ಮೆತ್ತಿದರು, ಹರಕು ಬಟ್ಟೆ ತುರುಕಿದರು, ಮೇಣ ಕಾಸಿ ಸುರಿದರು. ಒಂದು ಸಂದು ಮುಚ್ಚಿದರೆ ಇನ್ನೊಂದು ಬಾಯಿ ತೆರೆಯುತ್ತಿತ್ತು. ಮಾವನವರು ಊಟ ಬಿಟ್ಟರು. ದಾರಿ ತೋರಿಸಿದ್ದೂ ಅತ್ತೆಯೇ.

"ಚಕ್ಕಡಿ ಗಾಲಿ ಒಣಗಿ ಸಡ್ಲಾದ್ರ ಏನು ಮಾಡ್ತೀರಿ? ನೀರಾಗ ನೆನಿ ಹಾಕಂಗಿಲ್ಲೇನು? ಕಟ್ಟಿಗಿ ಉಬ್ಬಿ ಬಿಗಿ ಆಗ್ತೈತಿ. ಇದೂ ಕಟ್ಟಿಗಿನೇ ಅಲ್ಲೇನು?"

ಗಾಲಿಯನ್ನು ಕೆರೆಯಲ್ಲಿ ಮುಳುಗಿಸಬಹುದು. ದೋಣಿಯನ್ನು? ಮುಳುಗಿಸಲೆಂದು ಹೊಳೆಗೆ ಒಯ್ದರೆ ಮೇಲೆ ಎತ್ತುವವರು ಯಾರು? ಕೊನೆಗೆ, ದೋಣಿ ನೀರಿನೊಳಗೆ ಹೋಗದಿದ್ದರೆ ನೀರೇ ದೋಣಿಯೊಳಗೆ ಬರಲಿ ಎಂದು ತೀರ್ಮಾನವಾಯಿತು. ಓಣಿಯ ಹೆಣ್ಣುಮಕ್ಕಳೆಲ್ಲ ಬಾವಿಯಿಂದ ಕೊಡ ಹೊತ್ತು ತಂದು ದೋಣಿಗೆ ಸುರಿದೆವು. ಸುರಿದದ್ದೆಲ್ಲ ಸಂದಿನಿಂದ ಸೋರಿ ಅಂಗಳ ಕೆಸರಾಯಿತು. ಮತ್ತೆ ಸುರಿದೆವು. ಜಗತ್ತಿನಲ್ಲಿ ಎಲ್ಲರೂ ದೋಣಿಯಿಂದ ನೀರು ಹೊರಗೆ ಹಾಕಿದರೆ, ನಾವು ಎಂಟು ದಿನ ಒಳಗೆ ಹಾಕಿದೆವು! ಒಂಬತ್ತನೆಯ ದಿನ ನೀರು ನಿಂತಿತು. ಸುದ್ದಿ ಕೇಳಿ ಹೊಲದಿಂದ ಓಡಿಬಂದ ಮಾವನವರು ನೋಡುತ್ತಾರೆ, ಅತ್ತೆ ಅದರೊಳಗೆ ಮನೆಯ ಕೌದಿಗಳನ್ನೆಲ್ಲ ನೆನೆಹಾಕಿ ಮೊಣಕಾಲುದ್ದ ನೀರಿನಲ್ಲಿ ನಿಂತು ತುಳಿಯುತ್ತಿದ್ದಾರೆ.

"ಹಬ್ಬ ಬಂತಲ್ರಿ. ಕೌದಿ ಒಗೀಬೇಕೋ ಬ್ಯಾಡೋ? ಇಷ್ಟು ದೊಡ್ಡ ಹರಿವಾಣ ಮತ್ತ ಎಲ್ಲಿ ಸಿಗತೈತಿ!"

ಇನ್ನು ಎಂಜಿನ್. ದೋಣಿಯ ಎಂಜಿನ್ ತುಕ್ಕು ತಿಂದು ಮಣ್ಣಾಗಿತ್ತು. ಅದಕ್ಕೆ ಬೇಕಾದ ಸಾಮಾನು ಕೇಳಲು ಮಾವನವರು ಮುದ್ದೇಬಿಹಾಳಕ್ಕೆ ಹೋದರು, ಇಂಡಿ, ಸಿಂದಗಿಯ ಅಂಗಡಿಗಳನ್ನೂ ಸುತ್ತಿದರು. ಎಲ್ಲ ಕಡೆಯೂ ಅಂಗಡಿಯವರು ಚಹಾ ಕೊಟ್ಟು, ಕತೆಯನ್ನು ಎರಡೆರಡು ಸಲ ಹೇಳಿಸಿ ನಕ್ಕು ಕಳಿಸಿದರು. ಆಗ ಮುಂದೆ ಬಂದವನು ನಮ್ಮೂರ ಹಿಟ್ಟಿನ ಗಿರಣಿಯ ಸಂಗಪ್ಪ. ನಮ್ಮ ಬಾವಿಯ ಪಂಪಿನ ಎಂಜಿನ್ನನ್ನು ಬಿಚ್ಚಿ ದೋಣಿಯಲ್ಲಿ ಕೂರಿಸಿದ. ಗಿರಣಿಯಲ್ಲಿ ಮಾಡುವಂತೆಯೇ ಎಂಜಿನ್ನಿನ ಚಕ್ರದಿಂದ ಒಂದು ಪಟ್ಟಿ ಎಳೆದು, ದೋಣಿಯ ಹಿಂದೆ ನೀರಿನಲ್ಲಿ ತಿರುಗುವ ಪಂಖಕ್ಕೆ ಜೋಡಿಸಿದ.

"ಸಂಗಪ್ಪಾ, ಇದು ಓಡತೈತೇನೋ?"

"ಗೌಡ್ರ, ನನ್ನ ಗಿರಣಿ ಇಪ್ಪತ್ತು ವರ್ಷ ಆತು ನಿಂತಿಲ್ಲ!"

"ಗಿರಣಿ ಎಲ್ಲಿಗೂ ಹೋಗಂಗಿಲ್ಲಲ್ಲೋ?"

ಒಂದು ಸಂಜೆ ಅಂಗಳದಲ್ಲೇ ಪರೀಕ್ಷೆಯಾಯಿತು. ಸಂಗಪ್ಪ ಅರ್ಧ ತಾಸು ಹ್ಯಾಂಡಲ್ ತಿರುವಿದ ಮೇಲೆ ಎಂಜಿನ್ ಕೆಮ್ಮಿ, ಹೊಗೆ ಉಗುಳಿ, ಗುಡುಗಿತು. ಪಂಖ ಗಿರ್ರನೆ ತಿರುಗಿತು! ಕೋಳಿಗಳು ಮಾಳಿಗೆ ಹತ್ತಿದವು. ಎಮ್ಮೆ ಹಗ್ಗ ಹರಿದುಕೊಂಡು ನಿಡಗುಂದಿಯ ದಾರಿ ಹಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಪಂಖ ತಿರುಗಿತೇ ಎಂದು ಎಲ್ಲರೂ ನೋಡಿದೆವು, ಯಾವ ಕಡೆಗೆ ತಿರುಗಿತು ಎಂದು ಒಬ್ಬರೂ ನೋಡಲಿಲ್ಲ.

ರೊಟ್ಟಿ ಹಬ್ಬದ ಬೆಳಗ್ಗೆ ದೋಣಿ ಮತ್ತೆ ಚಕ್ಕಡಿ ಏರಿ ಹೊಳೆ ದಂಡೆ ಮುಟ್ಟಿತು. ಪುಣ್ಯಕ್ಕೆ ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು. ಹೊಳೆ ತುಂಬಿದ್ದರೂ ಸೆಳವು ಇಳಿದಿತ್ತು. ಬರುತ್ತೇವೆಂದು ಅಕ್ಕನಿಗೆ ಮೊದಲೇ ಹೇಳಿಕಳಿಸಿದ್ದೆವು. ಅತ್ತೆ ಹೊಳೆಗೂ ಉಡಿ ತುಂಬಿದರು, ದೋಣಿಗೂ ತುಂಬಿದರು. ಮಾವನವರು ಸೊಂಟದ ಸುತ್ತ ಈಜು ಕಲಿಯುವ ಮಕ್ಕಳಂತೆ ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು ಬಂದಿದ್ದರು. ಒಂದಲ್ಲ, ಎರಡಲ್ಲ, ಆರು! ಕೂರಲು ಆಗುತ್ತಿರಲಿಲ್ಲ, ನಿಲ್ಲಲು ಅಂಜಿಕೆ. ಹೆಣ್ಣುಮಗಳನ್ನು ಹಬ್ಬಕ್ಕೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಮನೆಯ ಹೆಂಗಸೊಬ್ಬಳು ಹೋಗಬೇಕಲ್ಲ? ಅತ್ತೆ ನನ್ನ ಮುಖ ನೋಡಿದರು. ನಾನು ಹೊಸ ಸೊಸೆ, ಇಲ್ಲವೆನ್ನುವ ಧೈರ್ಯ ಬಂದಿರಲಿಲ್ಲ. ಹತ್ತಿದೆ.

ದೋಣಿಯ ಮೂತಿ ಆಚೆ ದಂಡೆಗಿತ್ತು. ಮಾವನವರು ಹಿಂದಿನ ತುದಿಯಲ್ಲಿ ಚುಕ್ಕಾಣಿ ಹಿಡಿದು ಕಣ್ಣು ಮುಚ್ಚಿ "ಬಿಡೋ ಸಂಗಪ್ಪಾ!" ಎಂದರು. ಎಂಜಿನ್ ಗುಡುಗಿತು. ದೋಣಿ ಒಮ್ಮೆ ನಡುಗಿ, ರಭಸದಿಂದ ಹೊರಟಿತು. ಎಲ್ಲಿಗೆ? ಹಿಂದಕ್ಕೆ! ಬೀಳ್ಕೊಡಲು ನಿಂತ ಜನರ ಮೇಲೆಯೇ ನುಗ್ಗಿ ಕೆಸರು ಹತ್ತಿತು. ಕೊಬ್ಬರಿ, ಬಾಳೆಹಣ್ಣು ಬಿಟ್ಟು ಊರವರು ಓಟ ಕಿತ್ತರು.

"ಪಟ್ಟಿ ಅಡ್ಡ ಬಿದ್ದೈತ್ರಿ ಗೌಡ್ರ!" ಎಂಜಿನ್ನಿನ ಪಕ್ಕ ಕೂತಿದ್ದ ಸಂಗಪ್ಪ ತಲೆ ಬಡಿದುಕೊಂಡ. ಗಿರಣಿಯಲ್ಲಿ ಪಟ್ಟಿಯನ್ನು ಒಂದು ತಿರುವು ಕೊಟ್ಟು ಹಾಕುತ್ತಾರೆ. ಕೈಯ ರೂಢಿ, ಇಲ್ಲಿಯೂ ಹಾಗೆಯೇ ಹಾಕಿದ್ದ. ಪಂಖ ಉಲ್ಟಾ ತಿರುಗುತ್ತಿತ್ತು. "ಎಂಜಿನ್ ನಿಲ್ಲಸ್ತೇನಿ, ಬಿಚ್ಚಿ ಹಾಕ್ತೇನಿ!"

"ನಿಲ್ಲಸಬ್ಯಾಡ!" ಮಾವನವರು ಗುಡುಗಿದರು. "ನಿಂತ್ರ ಅದು ಮತ್ತ ಯಾವಾಗ ಹತ್ತತೈತೋ! ಅಲ್ಲಿ ಅಕ್ಕ ನಿಂತಾಳ. ದೋಣಿನ ತಿರುವ್ರಿ. ಹಿಂದಮುಂದ ಹೋಗ್ಲಿ, ಹೋದ್ರ ಸಾಕು!"

ಜನ ನೀರಿಗಿಳಿದು ದೋಣಿ ತಿರುಗಿಸಿದರು. ಹೀಗೆ ನಮ್ಮ ದೋಣಿ ಬಾಲ ಮುಂದು ಮಾಡಿಕೊಂಡು ಕೃಷ್ಣೆಯನ್ನು ದಾಟತೊಡಗಿತು. ಮಾವನವರ ಮುಖ ನಮ್ಮೂರಿಗೆ, ಬೆನ್ನು ಅಕ್ಕನ ಊರಿಗೆ. ದಾರಿ ನೋಡಿ ಹೇಳುವ ಕೆಲಸ ನನ್ನದು.

"ಎಡಕ್ಕ ಮಾವಾರ! ಎಡಕ್ಕ!"

"ಯಾರ ಎಡಕ್ಕವ್ವಾ? ನಿನ್ನ ಎಡಕ್ಕೋ, ನನ್ನ ಎಡಕ್ಕೋ?"

ಅವರು ಎಡಕ್ಕೆ ಒತ್ತಿದರೆ ದೋಣಿ ಬಲಕ್ಕೆ ಹೋಗುತ್ತಿತ್ತು. ನಡುಹೊಳೆಯಲ್ಲಿ ಎರಡು ಸುತ್ತು ಹಾಕಿದೆವು. ಅಚ್ಚರಿಯೆಂದರೆ, ಮಾವನವರು ಆಗ ಕಣ್ಣು ಮುಚ್ಚಿರಲಿಲ್ಲ. ಹೊಳೆಗೆ ಬಯ್ಯುತ್ತಿದ್ದರು, ಎಂಜಿನ್ನಿಗೆ ಬಯ್ಯುತ್ತಿದ್ದರು, ನಡುನಡುವೆ ಖುಷಿಯಿಂದ ಕೂಗುತ್ತಿದ್ದರು. ಹೆದರಲು ಅವರಿಗೆ ಪುರುಸೊತ್ತೇ ಇರಲಿಲ್ಲ!

ಆಚೆ ದಂಡೆಯಲ್ಲಿ ಅಕ್ಕ ಗಂಟು ಹಿಡಿದು ನಿಂತಿದ್ದಳು. ದೋಣಿ ಮುಟ್ಟುವ ಮೊದಲೇ ಅವಳ ದನಿ ಬಂತು. "ಬೆನ್ನು ನೋಡೇ ಗುರ್ತು ಹಿಡದೆ ನಾನು! ಮುಖ ಯಾಕ ಆ ಕಡೆ ಮಾಡಿಯೋ? ಮೂರು ವರ್ಷ ತಪ್ಪಿಸಿದ್ದಕ್ಕ ನಾಚಿಕಿ ಬಂತೇನು?"

ಮಾವನವರು ಬುರುಡೆಗಳ ಸಮೇತ ನೀರಿಗೆ ಇಳಿದು, ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ಅಕ್ಕನ ಕಾಲು ಹಿಡಿದರು. ತಾವು ನೀರಿಗೆ ಇಳಿದದ್ದು ಅವರಿಗೆ ಗೊತ್ತಾದದ್ದು ದಂಡೆ ಹತ್ತಿದ ಮೇಲೆ!

ಆ ಪಂಚಮಿ ನಮ್ಮ ಮನೆಯಲ್ಲಿ ಹೇಗಿತ್ತೆಂದು ಏನು ಹೇಳಲಿ. ಎಪ್ಪತ್ತು ದಾಟಿದ ಅಕ್ಕ ಜೋಕಾಲಿ ಬಿಟ್ಟು ಇಳಿಯಲಿಲ್ಲ. ಮಾವನವರು ತೂಗುವುದನ್ನು ಬಿಡಲಿಲ್ಲ. ಹಬ್ಬದ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗದೆ ದೋಣಿಯ ಪಟ್ಟಿ ಅಡ್ಡವೇ ಉಳಿಯಿತು. ಐದನೆಯ ದಿನ ಅಕ್ಕನನ್ನು ಹಾಗೆಯೇ ಬಾಲ ಮುಂದಾಗಿ ಮುಟ್ಟಿಸಿ ಬಂದೆವು.

ಅಕ್ಕನನ್ನು ಬಿಟ್ಟು ಬರುವಾಗ ಮಾವನವರು ಯಾವತ್ತೂ ಹಿಂದೆ ತಿರುಗಿ ನೋಡುತ್ತಿರಲಿಲ್ಲವಂತೆ. ದರದರ ನಡೆದು ಬಂದುಬಿಡುತ್ತಿದ್ದರಂತೆ. ಕಲ್ಲು ಮನಸ್ಸಿನವರು ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಅಂದು ಮಾತ್ರ ಹೊಳೆ ದಾಟುವವರೆಗೂ ಅವರ ಮುಖ ಅಕ್ಕನ ಕಡೆಗೇ ಇತ್ತು. ದಂಡೆಯ ಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸುತ್ತ ಕೈ ಬೀಸುತ್ತಿದ್ದಳು. ಚಿಕ್ಕವಳಾಗುತ್ತ, ಇನ್ನೂ ಚಿಕ್ಕವಳಾಗುತ್ತ ಹೋದಳು. ನಾನು "ಬಲಕ್ಕ ಮಾವಾರ" ಎಂದದ್ದು ಅವರಿಗೆ ಕೇಳಲಿಲ್ಲ. ಮುಖವೆಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ.

ಮರುದಿನ ಸಂಗಪ್ಪ ನಟ್ಟು ಬಿಚ್ಚುವ ಪಾನ ಹಿಡಿದುಕೊಂಡು ಬಂದ. "ಐದು ನಿಮಿಷದ ಕೆಲಸ ಗೌಡ್ರ. ಪಟ್ಟಿ ಬಿಚ್ಚಿ ನೆಟ್ಟಗ ಹಾಕಿದ್ರ ಮುಗೀತು, ದೋಣಿ ಸೀದಾ ಮುಂದಕ್ಕ ಹೋಗತೈತಿ."

ಮಾವನವರು ಅವನ ಕೈಯನ್ನು ಹಿಡಿದುಕೊಂಡರು.

"ಬ್ಯಾಡೋ ಸಂಗಪ್ಪಾ. ಇದ್ದಂಗ ಇರ್ಲಿ. ಬಿಟ್ಟು ಬರೂವಾಗ ಅಕ್ಕ ಕಾಣ್ತಾಳ."