ಆನೆಯ ಹೊಟ್ಟೆಗೆ ಹೋಳಿಗೆ

ಪತ್ರಿಕೆಯ ಡೆಸ್ಕಿನಲ್ಲಿ ಕೂರುವವರಿಗೆ ಒಂದು ಭ್ರಮೆ ಇರುತ್ತದೆ. ಬೇರೆಯವರು ಬರೆದದ್ದನ್ನು ಕತ್ತರಿಸಿ, ಜೋಡಿಸಿ, ಅಂಚು ಸರಿಮಾಡುವ ನಮಗೆ ಜಗತ್ತಿನ ಯಾವುದನ್ನು ಬೇಕಾದರೂ ಕತ್ತರಿಸಿ ಜೋಡಿಸಲು ಬರುತ್ತದೆ ಎಂಬ ಭ್ರಮೆ. ನನಗೂ ಇತ್ತು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯಿಂದ ಬರುವ ಸುದ್ದಿಗಳನ್ನು ತಿದ್ದುವುದು ನನ್ನ ಕೆಲಸ. ಊರೆಲ್ಲ ಸುತ್ತಿ ಬಂದ ವರದಿಗಳನ್ನು ಒಂದೇ ಪ್ಯಾರಾಕ್ಕೆ ಇಳಿಸಿದ ಕೈ ಇದು. ಒಂದು ಬಟ್ಟೆಯ ಆನೆ ಯಾವ ಲೆಕ್ಕ?

ಆನೆ ನನ್ನ ನಾದಿನಿ ಶೈಲಾಳದು. ಅವಳು ಚಿಕ್ಕವಳಿದ್ದಾಗ ಅತ್ತೆ ಹಳೆಯ ಸೀರೆಯಲ್ಲಿ ಹೊಲಿದುಕೊಟ್ಟದ್ದು. ಅದಿಲ್ಲದೆ ಅವಳು ಮಲಗುತ್ತಿರಲಿಲ್ಲವಂತೆ. ಈಗ ಅದು ಬೆಟಗೇರಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಣ್ಣು, ಅರ್ಧ ಸೊಂಡಿಲು ಕಳೆದುಕೊಂಡು ನಿವೃತ್ತಿ ಜೀವನ ನಡೆಸುತ್ತಿತ್ತು. ಶೈಲಾಗೆ ಮುಂಡರಗಿಯ ಗಂಡನ ಮನೆಯಲ್ಲಿ ಎರಡನೆಯ ಹೆರಿಗೆಯಾಗಿ ಹೆಣ್ಣು ಮಗು ಹುಟ್ಟಿತು. ಬಾಣಂತನಕ್ಕೆಂದು ಅತ್ತೆ ಅಲ್ಲಿಗೇ ಹೋಗಿದ್ದರು. ಒಂದು ದಿನ ಶೈಲಾ ಫೋನು ಮಾಡಿದಳು.

"ವೈನಿ, ನನ್ನ ಆನಿ ಇನ್ನೂ ಐತೇನ್ರಿ? ತೊಟ್ಟಲಾ ಹಾಕೂ ದಿನ ನನ್ನ ಮಗಳ ಬಾಜೂಕ ಅದನ್ನ ಇಡಬೇಕಂತ ಭಾಳ ಆಸೆ ಆಗೇತಿ."

"ಐತಿ. ನಾನ ಹೊಸಾದು ಮಾಡಿ ತರತೀನಿ" ಎಂದೆ.

ಆ ಬದಿ ಫೋನು ಕೈ ಬದಲಾಯಿತು. ಆಮೇಲೆ ಅತ್ತೆಯ ದನಿ ಕೇಳಿಸಿತು. "ಸುಧಾ, ನಿನಗ ಸೂಜ್ಯಾಗ ದಾರ ಪೋಣಸಾಕ ಬರತೈತೇನವಾ? ಅಕೀಗೆ ಅದೊಂದ ಆನಿ ಐತಿ. ಹಾಳ ಮಾಡಿಗೀಡಿ."

"ಅತ್ತಿ, ನೀವು ಏನೂ ಚಿಂತಿ ಮಾಡಬ್ಯಾಡ್ರಿ" ಎಂದೆ. ನನ್ನ ಆತ್ಮವಿಶ್ವಾಸಕ್ಕೆ ಕಾರಣವಿತ್ತು. ಮೊಬೈಲಿನಲ್ಲಿ ಒಬ್ಬ ಹೆಂಗಸು ಹರಿದ ಪ್ಯಾಂಟಿನಿಂದ ಕೈಚೀಲ, ಹಳೆಯ ಸ್ವೆಟರಿನಿಂದ ಮೊಲ, ಕಾಲುಚೀಲದಿಂದ ಗೂಬೆ ಮಾಡುವುದನ್ನು ಇಡೀ ವಾರ ನೋಡಿದ್ದೆ. ಅವಳು ಒಮ್ಮೆಯೂ ಬೆವರಿರಲಿಲ್ಲ.

ಕಾರ್ಯಾಚರಣೆ ಭಾನುವಾರ ಆರಂಭವಾಯಿತು. ಅಟ್ಟದಿಂದ ಆನೆಯನ್ನು ಇಳಿಸಿ, ಹಳೆಯ ಬಟ್ಟೆಯ ಗಂಟು ಬಿಚ್ಚಿದೆ. ಮೈಗೆ ಹೊದಿಸಲು ಅತ್ತೆಯ ಸವೆದ ಕೈಮಗ್ಗದ ಸೀರೆ, ಕಳೆದ ಕಣ್ಣಿಗೆ ಒಂದು ಗುಂಡಿ ಸಿಕ್ಕಿದವು. ಕಿವಿಗೆ, ಪಕ್ಕದ ಇನ್ನೊಂದು ಗಂಟಿನಲ್ಲಿದ್ದ ನೀಲಿ ಚೌಕಳಿ ಅಂಗಿ ಬಹಳ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಇಂಥದ್ದನ್ನು ಹಳೆಯ ಗಂಟಿಗೆ ಎಸೆದರಲ್ಲ ಎಂದು ಗಂಡನ ದುಂದುವೆಚ್ಚದ ಬಗ್ಗೆ ಬೇಸರವೂ ಆಯಿತು. ಬೆನ್ನಿನ ಭಾಗದಲ್ಲಿ ದುಂಡಗೆ ಎರಡು ಕಿವಿ ಕತ್ತರಿಸಿದೆ.

ಅಷ್ಟರಲ್ಲಿ ನಮ್ಮನೆಯವರು ಬಂದರು. ಅವರು ಶಿರಹಟ್ಟಿಯಲ್ಲಿ ಹೈಸ್ಕೂಲು ಮಾಸ್ತರರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ.

"ಇಸ್ತ್ರಿಗೆ ಕೊಡಾಕಂತ ಒಂದು ಗಂಟು ಕಟ್ಟಿ ಇಟ್ಟಿದ್ದೆ. ಎಲ್ಲೈತಿ?"

"ಯಾವ ಗಂಟು?"

"ನೀ ಈಗ ಬಿಚ್ಚಿಕೊಂಡ ಕುಂತೀಯಲ್ಲ, ಆ ಗಂಟು."

ಅಂಗಿಯನ್ನು ಎತ್ತಿ ನೋಡಿದರು. ಎರಡು ದುಂಡನೆಯ ಕಿಂಡಿಗಳ ಮೂಲಕ ಅವರ ಮುಖ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ನಾಳೆ ಸಾಲಿ ತಪಾಸಣಿಗೆ ಸಾಹೇಬ್ರು ಬರೂರದಾರ. ಇದನ್ನ ಹಾಕ್ಕೊಂಡು ಹೋಗೂದಿತ್ತು!"

"ಮುಂದಿನ ಭಾಗಕ್ಕ ಏನೂ ಆಗಿಲ್ರಿ" ಎಂದೆ. "ಸಾಹೇಬ್ರಿಗೆ ಬೆನ್ನು ತೋರಸಬ್ಯಾಡ್ರಿ."

ಪ್ರತಿಕ್ರಿಯೆ ನೀಡಲು ಅವರು ನಿರಾಕರಿಸಿದರು.

ಇನ್ನು ಹೊಲಿಗೆ ಮಷಿನ್ನು. ಅದು ಅತ್ತೆಯದು, ಅತ್ತೆಯ ಕಾಲಿಗಷ್ಟೇ ವಿಧೇಯ. ನಾನು ತುಳಿದರೆ ಚಕ್ರ ಹಿಂದಕ್ಕೆ ತಿರುಗಿ ದಾರ ನುಂಗುತ್ತಿತ್ತು. ಕೈಯಿಂದ ತಿರುವಿ ದಾರಿಗೆ ತಂದೆ. ಒಂದು ಕಿವಿ ಮೇಲಕ್ಕೆ, ಇನ್ನೊಂದು ಕಿವಿ ಹಿಂದಕ್ಕೆ ನಿಂತಿತು. ಆನೆ ಯಾರದೋ ಗುಟ್ಟು ಕೇಳಿಸಿಕೊಳ್ಳುತ್ತಿರುವಂತೆ ಕಾಣುತ್ತಿತ್ತು. ಸೊಂಡಿಲನ್ನು ಒಳಮುಖವಾಗಿ ಹೊಲಿದೆ. ಬಿಚ್ಚಿದೆ. ಮತ್ತೆ ಒಳಮುಖವಾಗಿಯೇ ಹೊಲಿದೆ! ಕೊನೆಗೆ ಹೊರಬಂದ ಸೊಂಡಿಲು ಚಹದ ಕಿಟ್ಲಿಯ ಮೂತಿಯಷ್ಟು ಉದ್ದವಿತ್ತು. ಇರಲಿ, ಮರಿಯಾನೆ ಎಂದುಕೊಂಡೆ.

ಮುಗಿಯಿತೆಂದು ಸಂತೋಷದಿಂದ ಎದ್ದು ನಿಂತೆ. ಆನೆಯೂ ಎದ್ದಿತು. ಅಡುಗೆಮನೆಗೆ ಹೋದೆ. ಹಿಂದೆಯೇ ಬಂತು. ಅದರ ಹಿಂಗಾಲನ್ನು ನನ್ನ ಸೆರಗಿಗೆ ಸೇರಿಸಿ ಹೊಲಿದಿದ್ದೆ. ಅದೂ ಬಹಳ ಗಟ್ಟಿಯಾಗಿ. ಇಡೀ ಆನೆಯಲ್ಲಿ ಸರಿಯಾಗಿ ಬಿದ್ದ ಹೊಲಿಗೆ ಅದೊಂದೇ.

ಕಾಲು ಬಿಡಿಸಿದ್ದಾಯಿತು, ಹೊಟ್ಟೆಗೆ ಚಿಂದಿ ತುಂಬಿದ್ದಾಯಿತು. ಕೊನೆಯ ಹೊಲಿಗೆ ಮಾತ್ರ ಉಳಿದಿತ್ತು. ಆಗ ಅತ್ತೆಯ ಫೋನು ಬಂತು.

"ಮುಗೀತೇನವಾ? ಮರೀಬ್ಯಾಡ, ಕಡೀ ಹೊಲಿಗಿ ಹಾಕೂ ಮುಂದ ಹೊಟ್ಟಿ ತುಂಬಿಸು. ಹಳೇ ಅರಿವೀಲೆ ಮಾಡಿದ್ದು ಏನರ ಇರಲಿ, ಹಸದ ಹೊಟ್ಟೀಲೆ ಮುಚ್ಚಬಾರದು."

ಇದು ನನಗೆ ಗೊತ್ತಿದ್ದ ಪದ್ಧತಿ. ನಮ್ಮ ಕಡೆ ಹಳೆಯ ಸೀರೆ, ಧೋತರ ಸೇರಿಸಿ ಕೌದಿ ಹೊಲಿಯುವವರು ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ಒಂದಿಷ್ಟು ಅನ್ನವನ್ನೋ ರೊಟ್ಟಿಯನ್ನೋ ಇಡುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎಂಬ ನಂಬಿಕೆ. ಈ ಕುರಿತು ನಮ್ಮ ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ಶೀರ್ಷಿಕೆ ಕೊಟ್ಟವಳೇ ನಾನು. ಆದರೂ ಒಂದೇ ಮೂಲವನ್ನು ನಂಬುವುದು ನಮ್ಮ ವೃತ್ತಿಧರ್ಮವಲ್ಲ. ಪಕ್ಕದ ಮನೆಯಲ್ಲಿ ಕೌದಿ ಹೊಲಿಯುವ ರಜಿಯಾ ಆಪಾರನ್ನು ಗೋಡೆಯಾಚೆಯಿಂದ ಕೂಗಿ ಕೇಳಿದೆ.

"ಆಪಾ, ಹೊಟ್ಟ್ಯಾಗ ತಿನ್ನೂದು ಇಡತಾರಲ್ಲ, ಅದು ಖರೇನ?"

"ಖರೇನ ರೀ ಬಾಯಾರ. ನಾವೂ ಇಡತೀವಿ. ಕೂಸಿಂದಲ್ಲೇನ್ರಿ? ಹಂಗಾರ ಸಿಹೀನ ಇಡ್ರಿ, ಚಲೋ ಆಗತೈತಿ."

ಎರಡು ಸ್ವತಂತ್ರ, ವಿಶ್ವಸನೀಯ ಮೂಲಗಳಿಂದ ಖಚಿತಪಟ್ಟಿತು. ಇನ್ನೇನು ಬೇಕು?

ಅಂದು ಹುಣ್ಣಿಮೆ. ಬೆಳಿಗ್ಗೆ ಹೋಳಿಗೆ ಮಾಡಿದ್ದೆ. ಬೆಲ್ಲ, ಏಲಕ್ಕಿ, ಮೇಲೆ ತುಪ್ಪ. ಒಂದನ್ನು ಮಡಚಿ ಆನೆಯ ಹೊಟ್ಟೆಯೊಳಗಿಟ್ಟೆ. ನೋಡಿದೆ. ಆನೆ! ಅಷ್ಟು ದೊಡ್ಡ ಹೊಟ್ಟೆ! ಒಂದರಲ್ಲಿ ಏನಾದೀತು? ಡಬ್ಬಿಯಲ್ಲಿ ಉಳಿದಿದ್ದ ಇನ್ನೊಂದನ್ನೂ ಇಟ್ಟೆ. ತುಪ್ಪಕ್ಕೆ ಕೊರತೆ ಮಾಡಲಿಲ್ಲ. ನಾದಿನಿಯ ಮಗಳ ವಿಷಯದಲ್ಲಿ ಜಿಪುಣತನ ಮಾಡುವವಳಲ್ಲ ನಾನು. ಹೊಟ್ಟೆ ಮುಚ್ಚಿ ಹೊಲಿದೆ.

ಊಟದ ಹೊತ್ತಿಗೆ ನಮ್ಮನೆಯವರು ಡಬ್ಬಿ ಅಲ್ಲಾಡಿಸಿ ನೋಡಿದರು. "ಎರಡು ಹೋಳಿಗಿ ನನಗಂತ ಉಳದಿದ್ದುವಲ್ಲ?"

"ಮುಗದಾವ್ರಿ" ಎಂದೆ. ಸುಳ್ಳೇನೂ ಹೇಳಲಿಲ್ಲ. ವಿವರ ಕೊಡಲಿಲ್ಲ, ಅಷ್ಟೆ.

ಮರುದಿನ ಆನೆಯ ಹೊಟ್ಟೆಯ ಮೇಲೆ ಎಣ್ಣೆಯ ಕಲೆಯಂಥದು ಮೂಡಿತ್ತು. ತುಪ್ಪ ಹೊರಗೆ ಇಣುಕಿತ್ತು. ಸೀರೆಯ ಕೆಂಪು ದಡಿಯಿಂದ ಹೂವು ಕತ್ತರಿಸಿ ಕಲೆಯ ಮೇಲೆ ಹೊಲಿದೆ. ಆನೆ ಮೊದಲಿಗಿಂತ ಚೆಂದವಾಯಿತು! ಈ ಹೂವನ್ನು ಎಲ್ಲರೂ ಹೊಗಳಿದರು ಎಂಬುದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ. ಮುಂದೆ ಹೊಗಳಿಕೆ ಹೆಚ್ಚು ಬರುವುದಿಲ್ಲ.

ಸಂಜೆ ಆನೆಯನ್ನಿಟ್ಟ ಕಪಾಟಿನಲ್ಲಿ ಇರುವೆಯ ಸಾಲು ಕಂಡಿತು.

"ನಿಮ್ಮ ಬಿಸ್ಕೀಟಿನ ಪುಡಿ" ಎಂದು ನಮ್ಮನೆಯವರನ್ನು ತರಾಟೆಗೆ ತೆಗೆದುಕೊಂಡೆ. "ಎಲ್ಲೆಂದರಲ್ಲೆ ಚೆಲ್ಲಿ ಇರಿವಿ ಕರಿತೀರಿ!"

"ನಾ ಬಿಸ್ಕೀಟ ತಿನ್ನೂದು ಬಿಟ್ಟು ಭಾಳ ದಿನಾತು" ಎಂದರು ಅವರು.

ಅವರ ಹೇಳಿಕೆಯನ್ನು ನಾನು ಪರಿಗಣಿಸಲಿಲ್ಲ. ಆನೆಯ ಸುತ್ತಲೂ ಅರಿಶಿನದ ಪುಡಿಯಿಂದ ಒಂದು ದಪ್ಪ ಗೆರೆ ಎಳೆದೆ. ಅರಿಶಿನ ದಾಟಿ ಇರುವೆ ಬರುವುದಿಲ್ಲ. ನಿಜ. ಅರಿಶಿನ ದಾಟಿ ಇರುವೆ ಹೋಗುವುದೂ ಇಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಒಳಗೆ ಹೋದವರು ಸಕುಟುಂಬ ಸಪರಿವಾರ ಅಲ್ಲಿಯೇ ನೆಲೆಸಿದರು. ಊಟ, ವಸತಿ, ಮೆತ್ತನೆಯ ಹಾಸಿಗೆ. ಯಾಕೆ ಹೊರಗೆ ಬರುತ್ತಾರೆ?

ತೊಟ್ಟಿಲ ದಿನ ಗದಗದಿಂದ ಮುಂಡರಗಿ ಬಸ್ಸು ಹತ್ತಿದೆವು. ಆನೆಯನ್ನು ಹೊಸ ಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದಾರಿಯಲ್ಲಿ ಮೊಣಕಾಲಿಗೆ ಏನೋ ಚುರುಕ್ಕೆಂದಿತು. ಬಸ್ಸಿನ ಸೀಟು ಸರಿಯಿಲ್ಲ ಎಂದು ಜಾಗ ಬದಲಿಸಿದೆ. ಅಲ್ಲಿಯೂ ಚುರುಕ್ಕೆಂದಿತು. ಸರಕಾರಿ ಬಸ್ಸುಗಳ ದುಃಸ್ಥಿತಿಯ ಬಗ್ಗೆ ಒಂದು ವಿಶೇಷ ವರದಿ ಮಾಡಿಸಬೇಕೆಂದು ಆಗಲೇ ನಿರ್ಧರಿಸಿದೆ.

ಮನೆ ತುಂಬ ಜನ. ಶೈಲಾಳ ಅತ್ತೆ, ಅಂದರೆ ನಮ್ಮ ಬೀಗತಿ, ಗತ್ತಿನ ಹೆಂಗಸು. ಎದುರು ಮನೆಯಲ್ಲಿರುವ ನಮ್ಮ ಪತ್ರಿಕೆಯ ಮುಂಡರಗಿ ವರದಿಗಾರರನ್ನೂ ಊಟಕ್ಕೆ ಕರೆದಿದ್ದರು. ನಾನು ಚೀಲದಿಂದ ಆನೆ ತೆಗೆದೆ. ಶೈಲಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು ಬಂತು.

"ವೈನಿ, ಏನ ಚಂದ ಮಾಡೀರಿ! ಹೂವಂತೂ... ಯವ್ವಾ, ವಾಸನಿ ಸೈತ ಎಷ್ಟು ಚಲೋ ಐತಿ! ಏಲಕ್ಕಿ ಹಾಕೀರೇನು?"

"ಹೂಂ" ಎಂದೆ, ವಿನಯದಿಂದ.

ಅತ್ತೆ ಒಮ್ಮೆ ನನ್ನ ಕಡೆ, ಒಮ್ಮೆ ಆನೆಯ ಕಡೆ ನೋಡಿದರು. 

ನಮ್ಮ ಕಡೆ ತೊಟ್ಟಿಲಿಗೆ ಮೊದಲು ಮಗುವನ್ನು ಹಾಕುವುದಿಲ್ಲ. ಅರೆಯುವ ಗುಂಡುಕಲ್ಲಿಗೆ ಬೆನ್ನು ಮುಚ್ಚುವ ಟೊಪ್ಪಿಗೆ, ಕುಂಚಿಗೆ, ತೊಡಿಸಿ, ಕೂಸಿನಂತೆ ಸಿಂಗರಿಸಿ, ಅದನ್ನು ಮಲಗಿಸಿ ತೂಗುತ್ತಾರೆ. ಆಮೇಲೆ ಮಗು. ಆ ಪದ್ಧತಿಯನ್ನು ಮಾಡಿಟ್ಟ ಹಿರಿಯರಿಗೆ ನನ್ನ ಸಾಷ್ಟಾಂಗ ನಮಸ್ಕಾರ!

ಕಲ್ಲನ್ನು ಮಲಗಿಸಿದರು. ಪಕ್ಕದಲ್ಲಿ ನನ್ನ ಆನೆಯನ್ನಿಟ್ಟರು. ಹೆಂಗಸರು ಜೋಗುಳ ಎತ್ತಿಕೊಂಡು ತೊಟ್ಟಿಲು ತೂಗಿದರು. ನಾಲ್ಕು ಸಲ ತೂಗುವಷ್ಟರಲ್ಲಿ, ಎರಡು ದಿನದಿಂದ ಒಳಗೆ ಆರಾಮಾಗಿದ್ದವರಿಗೆ ಭೂಕಂಪವಾದಂತಾಗಿರಬೇಕು. ಮೊದಲು ಹೂವಿನ ಅಂಚಿನಿಂದ ಒಂದು ಬಂತು. ಆಮೇಲೆ ಸೊಂಡಿಲಿನಿಂದ ಒಂದು ಸಾಲು. ಆಮೇಲೆ ಎಲ್ಲ ಹೊಲಿಗೆಗಳಿಂದಲೂ! ನನ್ನ ಹೊಲಿಗೆಗಳ ನಡುವೆ ಅವಕಾಶ ಧಾರಾಳವಾಗಿತ್ತು.

ಜೋಗುಳ ಹಾಡುತ್ತಿದ್ದ ಅಜ್ಜಿಯೊಬ್ಬರು ಹಾಡು ನಿಲ್ಲಿಸಿ ಬಗ್ಗಿ ನೋಡಿದರು.

"ಅಯ್ಯ ಯವ್ವಾ! ಆನಿ ಇರಿವಿ ಹಡದೈತಿ!"

ಕೂಗು, ಗದ್ದಲ. ಮಗುವನ್ನು ಎತ್ತಿಕೊಂಡು ನಿಂತಿದ್ದ ಬೀಗತಿ ಬಾಗಿಲತನಕ ಹಿಂದೆ ಸರಿದರು. ಕೆಂಪಿರುವೆಗಳು ಗುಂಡುಕಲ್ಲಿನ ಕುಂಚಿಗೆಯೊಳಗೆ ನುಗ್ಗಿ ಅದನ್ನು ಮನಸಾರೆ ಕಚ್ಚಿದವು. ಕಲ್ಲು ತಾಳಿಕೊಂಡಿತು. ಘಟನೆಯಲ್ಲಿ ಯಾರಿಗೂ ಗಾಯಗಳಾಗಿಲ್ಲ.

ಅತ್ತೆ ಆನೆಯ ಕಿವಿ ಹಿಡಿದು ಅಂಗಳಕ್ಕೆ ಒಯ್ದರು. ಕತ್ತರಿಯಿಂದ ಹೂವು ಬಿಡಿಸಿ ಹೊಟ್ಟೆ ಸೀಳಿದರು. ಎಲ್ಲರೂ ಸುತ್ತ ನಿಂತಿದ್ದರು. ಒಂದು ಹೋಳಿಗೆ ಹೊರಬಂತು. ನಿಟ್ಟುಸಿರು. ಇನ್ನೊಂದು ಹೋಳಿಗೆ ಹೊರಬಂತು.

"ಎರಡ?" ಎಂದರು ಅತ್ತೆ.

"ಆನಿ ಅಲ್ಲೇನ್ರಿ ಅತ್ತಿ..." ಎಂದೆ.

"ಯವ್ವಾ ನಮ್ಮವ್ವಾ, ಹೊಟ್ಟಿ ತುಂಬಿಸು ಅಂದ್ರ ಎರಡ ಅಕ್ಕಿಕಾಳ!"

ಹಿಂದಿನಿಂದ ನಮ್ಮನೆಯವರ ದನಿ ಬಂತು. "ಅಂದ್ರ ನನ್ನ ಅಂಗಿ ತೊಟ್ಟು, ನನ್ನ ಹೋಳಿಗಿ ತಿಂದು, ಬಸ್ಸಿನ್ಯಾಗ ನಿನ್ನ ತೊಡಿ ಮ್ಯಾಲ ಕುಂತು ಬಂದದ್ದು ಇದ?"

ನಾನು ಶೈಲಾಳನ್ನು ನೋಡಿದೆ. ಅಂಗಳದಲ್ಲಿ ಹೊಟ್ಟೆ ಸೀಳಿಸಿಕೊಂಡು ಬಿದ್ದದ್ದು ಅವಳ ಆನೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು, ಭುಜ ಅಲುಗಿಸುತ್ತ ನಿಂತಿದ್ದಳು. ಅಳುತ್ತಿದ್ದಾಳೆಂದುಕೊಂಡು ಹತ್ತಿರ ಹೋದೆ. 

"ಶೈಲಾ, ತಪ್ಪಾತವಾ..."

ಅವಳು ಸೆರಗು ತೆಗೆದಳು. ನಗು ತಡೆಯಲಾಗದೆ ಕೆಂಪಗಾಗಿದ್ದಳು.

"ವೈನಿ, ನಾನೂ ಹಿಂಗ ಮಾಡಿದ್ದೆ! ಆನಿಗೆ ಹಸಿವಿ ಆಗೇತಂತ ಸೊಂಡಿಲದಾಗ ಚಕ್ಕಲಿ, ಉಂಡಿ ತುರಕಿದ್ದೆ. ಇರಿವಿ ಹತ್ತಿ, ಅವ್ವ ಸೊಂಡಿಲಾ ಕತ್ತರಿಸಿ ಒಗದ್ಲು. ಅದಕ್ಕ ಅದು ಅರ್ಧ ಇದ್ದದ್ದು!"

ನನಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಇದು ಯಾರಿಗೂ ಆಗಬಹುದಾದ ತಪ್ಪು!

"ಆದ್ರ ವೈನಿ" ಎಂದಳು ಶೈಲಾ, "ಆವಾಗ ನಾ ನಾಕು ವರ್ಷದಾಕಿ ಇದ್ದೆ."

ಬೀಗತಿ ಕೊನೆಯದಾಗಿ ಬಗ್ಗಿ ಹೋಳಿಗೆಯನ್ನು ಪರಿಶೀಲಿಸಿದರು. "ಕಣಕ ಸ್ವಲ್ಪ ದಪ್ಪ ಆಗೇತಿ ನೋಡ್ರಿ" ಎಂದು ಒಳಗೆ ನಡೆದರು.

ಸಂಜೆಯೊಳಗೆ ಅತ್ತೆ ಆನೆಯನ್ನು ಒಗೆದು, ಕಿವಿ ಹಿಡಿದು ಹಗ್ಗಕ್ಕೆ ನೇತುಹಾಕಿ, ಒಣಗಿಸಿ, ಹೊಸ ಚಿಂದಿ ತುಂಬಿದರು. ನನ್ನನ್ನು ಎದುರಿಗೆ ಕೂರಿಸಿಕೊಂಡು ಎರಡು ಅಕ್ಕಿಕಾಳು ತೋರಿಸಿ, "ಇಷ್ಟ" ಎಂದರು. ಹೊಲಿಗೆ ಮುಗಿಸಿ ಆನೆಯನ್ನು ಮಗುವಿನ ಪಕ್ಕ ಮಲಗಿಸಿದರು. ನನ್ನ ಹೂವನ್ನು ಮಾತ್ರ ಹಾಗೆಯೇ ಮತ್ತೆ ಹಚ್ಚಿದ್ದರು. ಮಗು ಅದನ್ನು ಹಿಡಿದುಕೊಂಡು ನಿದ್ದೆ ಹೋಯಿತು.

ಮರುದಿನ ಕಚೇರಿಯಲ್ಲಿ ಕೂತು ಸುದ್ದಿಗಳನ್ನು ತೆರೆದೆ. ಮೊದಲಿಗೇ ಮುಂಡರಗಿಯಿಂದ ಬಂದ ಒಂದು ಸ್ವಾರಸ್ಯದ ತುಣುಕು. "ಆನೆಯಿಂದ ಇರುವೆ: ತೊಟ್ಟಿಲ ಮನೆಯಲ್ಲಿ ಕೆಲಕಾಲ ಗೊಂದಲ." ಬೆಟಗೇರಿಯಿಂದ ಬಂದಿದ್ದ ಸಂಬಂಧಿಕ ಮಹಿಳೆಯೊಬ್ಬರು ಆಟಿಕೆ ಆನೆಯ ಹೊಟ್ಟೆಯಲ್ಲಿ ಹೋಳಿಗೆಯೊಂದನ್ನು ಇಟ್ಟು ಹೊಲಿದ ಪರಿಣಾಮ, ಇತ್ಯಾದಿ. ಹೆಸರು ಹಾಕದೆ ನಮ್ಮ ವರದಿಗಾರರು ದೊಡ್ಡತನ ತೋರಿದ್ದರು.

ಸುದ್ದಿಯನ್ನು ಕೈಬಿಡಬಹುದಿತ್ತು. ಜಾಗವಿಲ್ಲ ಎಂದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ವೃತ್ತಿಧರ್ಮ! ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ, ಎಲ್ಲ ಸರಿಯಾಗಿದೆಯೇ ಎಂದು ಓದಿದೆ. ಎಲ್ಲವೂ ಸರಿಯಾಗಿತ್ತು. ನನ್ನಂತೆ ಅವರೂ "ಎಷ್ಟು" ಎಂದು ಕೇಳಿರಲಿಲ್ಲ, ಅಷ್ಟೆ.

"ಹೋಳಿಗೆಯೊಂದನ್ನು" ಎಂಬುದನ್ನು ಹೊಡೆದುಹಾಕಿ, "ಎರಡು ಹೋಳಿಗೆಗಳನ್ನು" ಎಂದು ತಿದ್ದಿ, ಪುಟಕ್ಕೆ ಕಳಿಸಿದೆ.